ಒಂದು ಹಿಡಿ ಮದ್ದು, ನಾಲ್ಕು ಹಲ್ಲು

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಸ್ಫೂರ್ತಿ ಬಚ್ಚಲಮನೆಯ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು. ಬಾಯಿಯ ತುಂಬ ಕಪ್ಪು ನೊರೆ, ಗದ್ದದ ಮೇಲೂ ಕಪ್ಪು. "ಏನಾತ ಬೇ ನಿನಗ?" ಎಂದು ಕೂಗಿಯೇಬಿಟ್ಟೆ. ಅವಳು ತಣ್ಣಗೆ ಉಗುಳಿ, "ಇದ್ದಿಲಿನ ಪೇಸ್ಟ್ ಅಜ್ಜಿ, ಹೊಸಾದು ಬಂದದ. ಹಲ್ಲು ಬೆಳ್ಳಗಾಗ್ತಾವಂತ" ಎಂದಳು.

ಟ್ಯೂಬನ್ನು ಇಸಿದುಕೊಂಡು ಮೂಸಿ ನೋಡಿದೆ. ಪುದೀನದ ವಾಸನೆ, ಬೇರೇನೂ ಇಲ್ಲ. ಎಲ್ಲಿಂದಲೋ ನಗು ಬಂತು ನೋಡಿ, ಗೋಡೆ ಹಿಡಿದು ಕೂತುಬಿಟ್ಟೆ. ಎಂಬತ್ತೈದು ದಾಟಿದವರು ಹಾಗೆ ನಕ್ಕರೆ ಮನೆಯವರಿಗೆ ಗಾಬರಿಯಾಗುತ್ತದೆ. ಸೊಸೆ ಬಿ.ಪಿ. ಗುಳಿಗೆ ಹಿಡಿದುಕೊಂಡು ಓಡಿಬಂದಳು. ನಗುವಿಗೆ ಗುಳಿಗೆ ಇಲ್ಲವೆಂದು ಹೇಳಿ ಕಳಿಸಿದೆ. ಮದ್ದಿನಿಂದ ಹಲ್ಲುಜ್ಜಿದ ಒಬ್ಬ ಹೆಂಗಸನ್ನು ನಾನು ಕಂಡಿದ್ದೇನೆ. ಮದ್ದು ಅಂದರೆ ಔಷಧವಲ್ಲ, ಬಾಣಬಿರುಸಿಗೆ ತುಂಬುತ್ತಾರಲ್ಲ, ಅದು. ಆ ಹೆಂಗಸು ನಮ್ಮ ಆಯಿ, ಅಪ್ಪನ ತಾಯಿ.

ಆಯಿಗೆ ಮಿಸ್ರಿಯ ಚಟ. ನಮ್ಮ ಕಡೆ ಹಳೆಯ ಹೆಂಗಸರಿಗೆಲ್ಲ ಅದು ಇತ್ತು, ಈಗಲೂ ಕೆಲವರಿಗೆ ಇದೆ. ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೂ ವಸಡಿಗೂ ತಿಕ್ಕುವುದು. ಆಯಿ ಮಿಸ್ರಿ ಹುರಿಯುವ ದಿನ ಮನೆಮಂದಿಯೆಲ್ಲ ಸೀನುತ್ತಿದ್ದೆವು, ಕೊಟ್ಟಿಗೆಯ ಎತ್ತುಗಳು ಕೂಡ. ಇನ್ನೊಂದು ಮಾತು. ಮಿಸ್ರಿ ತಿಕ್ಕುವವರು ಬೇರೆಯವರು ಹುರಿದದ್ದನ್ನು ನಂಬುವುದಿಲ್ಲ. ಯಾರು ಎಷ್ಟೇ ಚೆನ್ನಾಗಿ ಹುರಿದು ಕೊಟ್ಟಿರಲಿ, ತಮ್ಮ ಮನೆಯ ತವೆಯ ಮೇಲೆ ಇನ್ನೊಂದು ಸಲ ಬಿಸಿ ಮಾಡಿಯೇ ಬಾಯಿಗೆ ಹಾಕುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಯಿಯ ಕಿರಿಯ ಮಗ ಶರಣಪ್ಪ ಕಾಕಾ. ಅವನದು ಬೇರೆ ಚಟ. ದೀಪಾವಳಿ ಹತ್ತಿರ ಬಂದರೆ ಅವನು ಹೊಲ ಮರೆತು ಅನಾರ ಮಾಡಲು ಕೂಡುತ್ತಿದ್ದ. ಮಣ್ಣಿನ ಪುಟ್ಟ ಕುಡಿಕೆಯೊಳಗೆ ಮದ್ದು ತುಂಬಿ ಬಾಯಿಗೆ ಕಿಡಿ ತಾಗಿಸಿದರೆ ಹೂವಿನ ಮಳೆಯ ಹಾಗೆ ಏಳುತ್ತದಲ್ಲ, ನೀವು ಹೂಕುಂಡ ಅನ್ನುತ್ತೀರಿ, ಅದೇ. ಕುಡಿಕೆ ಕುಂಬಾರನದು, ಉಳಿದದ್ದೆಲ್ಲ ಕಾಕಾನದು. ಕೊಟ್ಟಿಗೆಯ ಮಣ್ಣುಗೋಡೆಯ ಬುಡದಲ್ಲಿ ಬೆಳ್ಳಗೆ ಏಳುವ ಉಪ್ಪನ್ನು ಕೆರೆದು ತಂದು ಏನೇನೋ ಮಾಡಿ ಪೆಟ್ಲುಪ್ಪು ತೆಗೆಯುತ್ತಿದ್ದ. ವರ್ಷಾವರ್ಷ ಕೆರೆದು ಕೆರೆದು ಆ ಗೋಡೆ ಎಷ್ಟು ತೆಳ್ಳಗಾಗಿತ್ತೆಂದರೆ, ಒಮ್ಮೆ ಎತ್ತು ಮೈ ತಿಕ್ಕಿಕೊಳ್ಳುವಾಗ ಕೋಡು ಅಂಗಳದ ಕಡೆ ಹೊರಗೆ ಬಂದಿತ್ತು. ಇದ್ದಿಲು ತೊಗರಿ ಕಟ್ಟಿಗೆಯದೇ ಆಗಬೇಕು. "ಜಾಲಿ ಇದ್ದಿಲು ಮೈಗಳ್ಳ. ತೊಗರಿದು ಹಗೂರ ಇರ್ತದ, ಕಿಡಿ ಮ್ಯಾಲ ಹೋಗ್ತದ" ಎನ್ನುತ್ತಿದ್ದ. ಗಂಧಕ ಹೊಳೆಯಾಚೆಯಿಂದ ಬರುತ್ತಿತ್ತು, ಕಬ್ಬಿಣದ ಪುಡಿ ಕಮ್ಮಾರನ ಅರದ ಕೆಳಗಿನಿಂದ. ಅಳತೆ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅದು ತಪ್ಪಿದ ಒಂದು ವರ್ಷ ಅವನ ಎಡಹುಬ್ಬು ಹೋಯಿತು, ಮತ್ತೆ ಬರಲೇ ಇಲ್ಲ. ಓದಿ ಹುರುಪು ಬಂದು ನೀವೂ ಮಾಡಲು ಕೂತೀರಿ, ಆ ಹುಬ್ಬನ್ನು ನೆನೆಸಿಕೊಳ್ಳಿ.

ನಮ್ಮೂರು ಅಫಜಲಪುರದಿಂದ ಎರಡು ಹರದಾರಿ, ಭೀಮಾ ಹೊಳೆಯ ದಂಡೆಗೆ. ಹೊಳೆಯ ಈಚೆ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಆಚೆ ಇಂಗ್ರೇಜಿ ಸೀಮೆ. ನಲವತ್ತೇಳರಲ್ಲಿ ಆಚೆಯವರಿಗೆ ಸ್ವಾತಂತ್ರ್ಯ ಬಂತು, ಈಚೆ ಬರಲಿಲ್ಲ. ನಮ್ಮ ಎಮ್ಮೆಗಳು ಬೆಳಿಗ್ಗೆ ಹೊಳೆ ಈಸಿ ಹೋಗಿ ಸ್ವತಂತ್ರ ದೇಶದಲ್ಲಿ ಮೇಯ್ದು ಸಂಜೆ ವಾಪಸು ಬರುತ್ತಿದ್ದವು, ಅವನ್ನು ಯಾರೂ ತಡೆಯುತ್ತಿರಲಿಲ್ಲ. ಮನುಷ್ಯರ ಪಾಡು ಬೇರೆ. ಅಲ್ಲಿ ಇಲ್ಲಿ ಗಡಿಕಾವಲಿನ ನಾಕಾಗಳ ಮೇಲೆ ಬಾಂಬು ಬಿತ್ತೆಂದು ಸುದ್ದಿ, ಯಾರನ್ನೋ ಹಿಡಿದೊಯ್ದರೆಂದು ಸುದ್ದಿ. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಮದ್ದು ಸಿಕ್ಕರೆ ಅದು ಹಬ್ಬದ ಅನಾರಿಗೆ ಅಂದರೆ ಯಾರು ನಂಬಬೇಕು? "ಈ ವರ್ಷ ಬ್ಯಾಡೋ" ಎಂದು ಆಯಿ ಹೇಳಿದಳು. ಕಾಕಾ ಕೇಳಲಿಲ್ಲ.

ಈಗ ನನ್ನ ವಿಷಯಕ್ಕೆ ಬರಬೇಕು. ಎಪ್ಪತ್ತೈದು ವರ್ಷಗಳಿಂದ ಈ ಕತೆಯನ್ನು ಮನೆಯಲ್ಲಿ ಹೇಳುತ್ತಾ ಬಂದಿದ್ದೇನೆ. ಹೇಳುವಾಗೆಲ್ಲ "ಯಾರೋ ಚಾಡಿ ಹೇಳಿದ್ರು" ಎಂದು ಈ ಜಾಗವನ್ನು ದಾಟಿಸಿಬಿಡುತ್ತೇನೆ. ಆ ಯಾರೋ ನಾನೇ. ನನಗಾಗ ಎಂಟು ವರ್ಷ. ಹೊಳೆಯ ನಾಕಾದ ಹವಾಲ್ದಾರನ ಮಗಳು ಚಾಂದಬಿ ನನ್ನ ಜೀವದ ಗೆಳತಿ. ಒಂದು ದಿನ ಅವಳು ತನ್ನ ಹೊಸ ಗಾಜಿನ ಬಳೆಗಳನ್ನು ಝಣಝಣ ಮಾಡಿ ತೋರಿಸಿದಳು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅದಕ್ಕೆ, "ನಮ್ಮ ಕಾಕಾ ಮದ್ದು ಅರಿಯಾಕತ್ತಾನ. ಈ ಸಲ ಸಪ್ಪಳ ನಿಮ್ಮ ನಾಕಾದ ತನಕಾ ಕೇಳಸ್ತದ ನೋಡು" ಎಂದೆ. ಅನಾರಿಗೆ ಸಪ್ಪಳವೇ ಇರುವುದಿಲ್ಲ. ಕೊಚ್ಚಿಕೊಳ್ಳಬೇಕಾದರೆ ಇಷ್ಟಾದರೂ ಇರಬೇಡವೇ ಎಂದು ಸೇರಿಸಿದ್ದು. ಚಾಂದಬಿ ಅದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದಳು.

ಮರುದಿನ ಮಧ್ಯಾಹ್ನ ಹವಾಲ್ದಾರ ಬಂದ, ಜೊತೆಗೆ ಗುರುತಿಲ್ಲದ ಇಬ್ಬರು ಸಿಪಾಯಿಗಳು. ಕಾಕಾ ಅರೆದ ಮದ್ದು ಪಡಸಾಲೆಯ ನೆರಳಲ್ಲಿ ಹಿತ್ತಾಳೆಯ ಪರಾತದ ತುಂಬ ಹರಡಿತ್ತು. ಮುಚ್ಚಲೂ ಹೊತ್ತಿರಲಿಲ್ಲ. ಕಾಕಾನ ಮುಖ ಬಿಳಿಚಿಕೊಂಡಿತು.

"ಖಬರ್ ಬಂದದ್ರಿ ಅಮ್ಮಾ, ಮನಿ ಝಡತಿ ಮಾಡಬೇಕಾಗ್ಯದ" ಎಂದ ಹವಾಲ್ದಾರ, ಸ್ವಲ್ಪ ನಾಚಿಕೆಯಿಂದಲೇ. ಸಿಪಾಯಿಯೊಬ್ಬ ಪರಾತದ ಕಡೆ ಕೈ ತೋರಿಸಿ, "ಇದೇನು?" ಎಂದು ಕೇಳಿದ.

"ಮಿಸ್ರಿ ರೀ" ಎಂದಳು ಆಯಿ.

"ಇಷ್ಟೊಂದು?"

"ನನ್ನ ಬಾಯಿ ದೊಡ್ಡದು ಅಂತ ಊರೆಲ್ಲ ಹೇಳ್ತದ್ರಿ. ಬೇಕಂದ್ರ ಕೇಳ್ರಿ." ಹಾಗೆಂದವಳೇ ಚಿಟಿಕೆ ಮದ್ದು ತೆಗೆದು ಹಲ್ಲಿಗೆ ತಿಕ್ಕತೊಡಗಿದಳು. ಮುಂದಿನ ಹಲ್ಲು, ದವಡೆ, ವಸಡು, ಒಂದನ್ನೂ ಬಿಡಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಸಿಪಾಯಿಗಳು ಮುಖ ಕಿವುಚಿ ಆಚೆ ನೋಡಿದರು. ಅವರು ಒಳಗೆಲ್ಲ ಹುಡುಕಿ ಬರಿಗೈಯಲ್ಲಿ ಬಂದರು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಹವಾಲ್ದಾರ, "ನಮ್ಮ ಅಮ್ಮಾಗ ಮಿಸ್ರಿ ತೀರ್ಯದ್ರಿ. ಎರಡು ದಿನದಿಂದ ಸಿಟ್ಟು ಮಾಡಾಕತ್ತಾಳ" ಎಂದು ಒಂದು ಹಿಡಿ ಮದ್ದನ್ನು ಕಾಗದದಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟ.

ಅವರು ಓಣಿ ದಾಟಿದ ಮೇಲೆ ಆಯಿ ಥೂ ಥೂ ಎಂದು ಹತ್ತು ಸಲ ಬಾಯಿ ಮುಕ್ಕಳಿಸಿದಳು. ಕಾಕಾ ಕುಸಿದು ಕೂತು ನಗುತ್ತಿದ್ದ. ಆಯಿ ಚೆಂಬು ಹಿಡಿದವಳು ಹಾಗೆಯೇ ನಿಂತುಬಿಟ್ಟಳು. "ನಗಬ್ಯಾಡೋ ಖೋಡಿ! ಆ ಮುದುಕಿ ಅದನ್ನ ತವಾಕ್ಕ ಹಾಕ್ತಾಳ!"

ಕಾಕಾನ ನಗು ನಿಂತಿತು. ಮುದುಕಿಯ ಮುಖ ಸುಟ್ಟರೆ ಆ ಪಾಪ ನಮ್ಮದು, ಸುಡದೆ ಉಳಿದರೂ ಕಾಕಾ ಜೇಲಿಗೆ. ಆಯಿ ತನ್ನ ಡಬ್ಬಿಯ ಖರೇ ಮಿಸ್ರಿಯನ್ನು ಸೊಂಟದ ಚಂಚಿಗೆ ಸುರಿದುಕೊಂಡು, "ನಡಿ ಬೇ, ಅವರ ಮನಿ ತೋರಸು" ಎಂದು ನನ್ನ ರಟ್ಟೆ ಹಿಡಿದು ಹೊರಟಳು. ಹವಾಲ್ದಾರ ಸಿಪಾಯಿಗಳ ಜೊತೆ ಚಾವಡಿಯ ದಾರಿ ಹಿಡಿದು ಹೋಗಿದ್ದ. ಪೊಟ್ಟಣವನ್ನು ಯಾರದೋ ಕೈಯಲ್ಲಿ ಮನೆಗೆ ಕಳಿಸಿದನೆಂದು ದಾರಿಯಲ್ಲೇ ತಿಳಿಯಿತು. ಆಯಿ ಓಡಿದ್ದನ್ನು ನಾನು ಕಂಡದ್ದು ಅದೊಂದೇ ದಿನ. ನಾನು ಅಳುತ್ತಾ ಓಡಿದೆ. ಮುಳ್ಳು ಚುಚ್ಚಿತೆಂದು ಆಯಿಗೆ ಹೇಳಿದೆ.

ಚಾಂದಬಿಯ ದಾದಿ, ಅಂದರೆ ಹವಾಲ್ದಾರನ ತಾಯಿ, ಒಲೆಯ ಮುಂದೆ ಕೂತಿದ್ದಳು. ತವೆ ಒಲೆಯ ಮೇಲಿತ್ತು, ಬಿಚ್ಚಿದ ಪೊಟ್ಟಣ ಅವಳ ಅಂಗೈಯಲ್ಲಿತ್ತು. ಆಯಿ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಸೆರಗಿನಿಂದ ತವೆ ಹಿಡಿದು ಕೆಳಗಿಳಿಸಿದಳು.

"ಅಕ್ಕಾ, ತಪ್ಪಾತ್ರಿ. ನಿಮಗ ಹಳೇದು ಬಂದದ, ಅದ್ರಾಗ ಹುಳ ಬಿದ್ದಾವ. ಇದು ಹೊಸಾದು, ತಗೋರಿ" ಎಂದು ಏದುಸಿರು ಬಿಡುತ್ತಾ ಚಂಚಿ ಚಾಚಿದಳು.

ದಾದಿ ಒಮ್ಮೆ ಆಯಿಯನ್ನು ನೋಡಿದಳು, ಒಮ್ಮೆ ಪೊಟ್ಟಣವನ್ನು ಮೂಸಿದಳು. "ಹುಳಕ್ಕ ಗಂಧಕದ ವಾಸನಿ ಇರ್ತದೇನ್ರಿ ಅಕ್ಕಾ?"

ಆಯಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ನನ್ನ ಬಾಯಾಗ ಇರೋವು ನಾಕೇ ಹಲ್ಲು. ಅವನ್ನೂ ಹಾರಸಬೇಕಂತ ಮಾಡಿದ್ರೇನು?"

ಆಯಿ ಅಲ್ಲಿಯೇ ಕೂತು ಅತ್ತುಬಿಟ್ಟಳು. "ಹಬ್ಬದ ಅನಾರಿಗೆ ಮಾಡ್ಯಾನ್ರಿ ನನ್ನ ಮಗ. ದೇವರಾಣಿ, ಬ್ಯಾರೇನೂ ಇಲ್ಲ." ದಾದಿ ಪೊಟ್ಟಣವನ್ನು ಮಡಿಸಿ ಆಯಿಯ ಚಂಚಿಗೆ ತುರುಕಿದಳು, ಮಿಸ್ರಿಯನ್ನು ತನ್ನ ಡಬ್ಬಿಗೆ ಸುರಿದುಕೊಂಡಳು. "ಅಳಬ್ಯಾಡ್ರಿ. ನಂಗೂ ಮಗ ಅದಾನ. ಕೇಳಿದ್ರ, ಮಿಸ್ರಿ ಬಲು ಖಡಕ್ ಅದ ಅಂತ ಹೇಳ್ತೇನಿ." ಮಿಸ್ರಿಯನ್ನು ಮತ್ತೆ ತವೆಯ ಮೇಲೆ ಹುರಿಯಲು ಹಾಕಿದಳು. ಮೂವರೂ ಸೀನಿದೆವು.

ದಾರಿಯಲ್ಲಿ ಆಯಿ ನನ್ನ ಗದ್ದ ಹಿಡಿದು ಮುಖ ಎತ್ತಿದಳು. "ಹವಾಲ್ದಾರಗ ಯಾರು ಹೇಳಿದ್ರು ಅಂತ ನಾ ಕೇಳಂಗಿಲ್ಲ" ಎಂದಳು, ಅಷ್ಟೇ. ಎರಡು ಏಟು ಕೊಟ್ಟಿದ್ದರೆ ಬಾಯಿ ಬಿಡುತ್ತಿದ್ದೆ, ಅಂದಿಗೇ ಮುಗಿಯುತ್ತಿತ್ತು. ಕೇಳದೆ ಬಿಟ್ಟದ್ದು ನನ್ನೊಳಗೆ ಹಾಗೇ ಉಳಿಯಿತು. ಆ ವರ್ಷ ಅನಾರ ಹಚ್ಚಲಿಲ್ಲ. ಮದ್ದನ್ನು ಗಡಿಗೆಗೆ ತುಂಬಿ, ಬಾಯಿಗೆ ಅರಿವೆ ಬಿಗಿದು, ಕಾಕಾ ದನದ ಕೊಟ್ಟಿಗೆಯ ಗೋಡೆಯ ಎತ್ತರದ ಮಾಡದಲ್ಲಿಟ್ಟ.

ಮರುವರ್ಷ ಮಳೆಗಾಲದ ಕೊನೆಗೆ ಹೊಳೆಯಾಚೆಯಿಂದ ಮಿಲಿಟರಿ ಬಂತು. ನಾಲ್ಕೈದು ದಿನದಲ್ಲಿ ನಮಗೂ ಸ್ವಾತಂತ್ರ್ಯ ಬಂತೆಂದರು. ನಮ್ಮ ಮನೆಯ ಹೆದರಿಕೆ ಹೋಗಿ ಚಾಂದಬಿಯ ಮನೆಗೆ ಸೇರಿಕೊಂಡಿತು. ಹವಾಲ್ದಾರ ಕಲಬುರಗಿಗೆ ಹೋದವನ ಸುದ್ದಿಯೇ ಇಲ್ಲ. ಬೇರೆ ಊರುಗಳಿಂದ ಜನ ಬಡಿಗೆ ಹಿಡಿದು ನಿಜಾಮರ ಕಡೆಯವರ ಮನೆ ಹುಡುಕುತ್ತಿದ್ದಾರೆಂದು ಕೇಳಿ ಆಯಿ ಹೋಗಿ ದಾದಿಯನ್ನೂ ಚಾಂದಬಿಯನ್ನೂ ಕೈ ಹಿಡಿದು ಕರೆತಂದಳು, ಒಳಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಹಾಸಿಗೆ ಹಾಸಿಕೊಟ್ಟಳು.

ಮೂರನೆಯ ದಿನ ಐದು ಮಂದಿ ನಮ್ಮ ಓಣಿಗೆ ತಿರುಗಿದ್ದನ್ನು ಮೊದಲು ನೋಡಿದವಳು ನಾನು. ಓಡಿಬಂದು ಹೇಳಿದೆ. ಹೇಳಿದ ಮೇಲೆ ನನ್ನ ನಾಲಿಗೆಯ ನೆನಪಾಯಿತು. ಕೇಳಿದರೆ ಅದು ಸುಮ್ಮನಿರುವ ನಾಲಿಗೆಯಲ್ಲ, ನನಗೆ ಗೊತ್ತಿತ್ತು. ಆಯಿಯ ಡಬ್ಬಿ ತೆರೆದು ಕೈಗೆ ಬಂದಷ್ಟು ಮಿಸ್ರಿಯನ್ನು ಬಾಯಿಗೆ ತುಂಬಿಕೊಂಡು ಹೊಸ್ತಿಲ ಮೇಲೆ ಕೂತೆ.

"ಹವಾಲ್ದಾರನ ಮಂದಿ ಎಲ್ಲಿ ಅದಾರ?" ಎಂದು ಅವರು ಕಾಕಾನನ್ನು ಕೇಳಿದರು. "ನಮಗೇನ್ ಗೊತ್ರಿ" ಎಂದ ಕಾಕಾ. ಮುಂದಿದ್ದವನು ನನ್ನ ಕಡೆ ಬಗ್ಗಿದ. "ಕೂಸು ಸುಳ್ಳು ಹೇಳಂಗಿಲ್ಲ. ನೀ ಹೇಳವ್ವಾ, ನಿಮ್ಮ ಮನ್ಯಾಗ ಯಾರು ಬಂದಾರ?"

ತಲೆ ಗಿರ್ರನೆ ತಿರುಗುತ್ತಿತ್ತು. ಬೇವಿನ ಮರ ಎರಡಾಗಿ ಕಂಡಿತು, ಬಗ್ಗಿದವನಿಗೆ ನಾಲ್ಕು ಮೀಸೆ ಕಂಡವು. ಬಾಯಿ ಬಿಟ್ಟೆ. ಬಂದದ್ದು ಮಾತಲ್ಲ. ಬೆಳಿಗ್ಗೆ ಉಂಡ ರೊಟ್ಟಿಯ ಸಮೇತ ಎಲ್ಲವೂ ಅವನ ಎರಡೂ ಪಾದಗಳ ಮೇಲೆ ಬಿತ್ತು, ಕರ್ರಗೆ.

ಆಯಿ ತಲೆ ಹೊಡೆದುಕೊಂಡು ಹೊರಗೆ ಬಂದಳು. "ಅಯ್ಯ ಯವ್ವಾ, ಇದಕ್ಕೂ ವಾಂತಿಭೇದಿ ಹತ್ತಿತಲ್ಲೋ! ಒಳಗ ಇನ್ನಿಬ್ಬರು ಮಲಗ್ಯಾರ್ರಿ, ಬಂದು ನೋಡ್ರಿ, ಬರ್ರಿ!" ಅವರು ನೋಡಲಿಲ್ಲ. ಕಾಲು ತೊಳೆಯಲು ನೀರನ್ನೂ ಕೇಳದೆ ಹೋದವರು ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಸಂಜೆಯ ತನಕ ನಾನು ದಾದಿಯ ತೊಡೆಯ ಮೇಲೆ ಮಲಗಿದ್ದೆ. ನಿಂಬೆಹಣ್ಣು ಹಿಂಡಿ ಹಿಂಡಿ ಕುಡಿಸಿದಳು.

ಗಲಾಟೆ ತಣ್ಣಗಾಗಿ, ದೀಪಾವಳಿಯ ಎರಡು ದಿನ ಮುಂಚೆ ಹವಾಲ್ದಾರ ಬಂದ, ಸೊರಗಿ ಅರ್ಧವಾಗಿದ್ದ. ತಾಯಿಯನ್ನೂ ಮಗಳನ್ನೂ ಕರೆದೊಯ್ಯಲು ಬಂದಿದ್ದ. ದಾದಿ ಹೊರಡಲಿಲ್ಲ. "ಅನಾರ ನೋಡೇ ಬರ್ತೇನಿ. ಅದ್ರಾಗ ನಂದೂ ಒಂದು ಹಿಡಿ ಅದ" ಎಂದಳು. ಹವಾಲ್ದಾರ ಆಯಿಯ ಮುಖ ನೋಡಿದ, ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮುಸ್ಸಂಜೆಗೆ ಕಾಕಾ ಒಂಬತ್ತು ಕುಡಿಕೆ ಸಾಲಾಗಿ ಇಟ್ಟ. ವರ್ಷವಿಡೀ ಮಾಡದಲ್ಲಿ ಕೂತ ಮದ್ದಿಗೆ ತಂಡಿ ಹಿಡಿದಿತ್ತು. ಎಂಟು ಕುಡಿಕೆಗಳು ಫುಸ್ ಎಂದು ಹೊಗೆ ಬಿಟ್ಟು ಸುಮ್ಮನಾದವು. ಒಂಬತ್ತನೆಯದು ಮಾತ್ರ ಮೊದಲು ಕೆಮ್ಮಿ, ಆಮೇಲೆ ಬೇವಿನ ಮರದ ಟೊಂಗೆಯವರೆಗೂ ಎದ್ದಿತು. ಅಂಗಳವೆಲ್ಲ ಬೆಳಕಾಯಿತು. ದಾದಿಯ ನಾಲ್ಕೂ ಹಲ್ಲು ಕಂಡವು. ನನ್ನ ಕೈ ಹಿಡಿದು ನಿಂತಿದ್ದ ಚಾಂದಬಿ ಎಲ್ಲ ಆರಿದ ಮೇಲೂ ಕಾಯುತ್ತಲೇ ಇದ್ದಳು. "ಸಪ್ಪಳ ಯಾವಾಗ ಬರ್ತದ? ನಾಕಾದ ತನಕಾ ಕೇಳಸ್ತದ ಅಂದಿದ್ದಿ?" ಎಂದು ಕೇಳಿದಳು. ಕಾಕಾನಿಗೆ ಆಗಲೇ ಹೇಳಿಬಿಡಬೇಕೆಂದು ಬಾಯಿಯ ತನಕ ಬಂತು. ಅವನು ಅಷ್ಟು ಖುಷಿಯಲ್ಲಿದ್ದ, ಹೇಳಲಾಗಲಿಲ್ಲ. ಆಮೇಲೆ ಆಯಿ ಹೋದಳು, ಕಾಕಾನೂ ಹೋದ. ಯಾರೂ ಕೇಳಲಿಲ್ಲ.

ಗೋಡೆ ಹಿಡಿದು ಕೂತಲ್ಲೇ ಸ್ಫೂರ್ತಿಗೆ ಇದನ್ನೆಲ್ಲ ಹೇಳಿದೆ. ಅರ್ಧ ಅವಳು ಮೊದಲೇ ಕೇಳಿದ್ದಳು. ಅಭ್ಯಾಸಬಲದಿಂದ ಅಂದೂ "ಯಾರೋ ಚಾಡಿ ಹೇಳಿದ್ರು" ಎಂದು ದಾಟಿಸಿದ್ದೆ, ಮಿಸ್ರಿ ತುಂಬಿಕೊಂಡವಳನ್ನೂ ಯಾವುದೋ ಹುಡುಗಿ ಎಂದಷ್ಟೇ ಹೇಳಿದ್ದೆ. ಅವಳು ಬಾಯಿ ಒರೆಸಿಕೊಳ್ಳುತ್ತಾ, "ಯಾರೋ ಯಾರೋ ಅಂತಿ ಯಾವಾಗ್ಲೂ. ಹವಾಲ್ದಾರಗ ಯಾರು ಹೇಳಿದ್ರು ಅಜ್ಜಿ?" ಎಂದು ಕೇಳಿಬಿಟ್ಟಳು.

ಎಷ್ಟು ಸುಲಭವಾಗಿ ಕೇಳಿದಳು! ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ನೋಡಿ, ಇಂಥ ಹಗುರ ಆಗುತ್ತದೆಂದು ಗೊತ್ತಿದ್ದರೆ ಯಾರ ಕೈಯಲ್ಲಾದರೂ ಮೊದಲೇ ಕೇಳಿಸಿಕೊಳ್ಳುತ್ತಿದ್ದೆ.

"ನಾನೇ ಬೇ" ಎಂದೆ.

ಅವಳು ಕಣ್ಣರಳಿಸಿದಳು. ಆಮೇಲೆ ಕೇಳಿದಳು, "ಮತ್ತ ಆ ಮಿಸ್ರಿ ತಿಂದು ವಾಂತಿ ಮಾಡಿದ ಹುಡುಗಿ?"

"ಅಕಿನೂ ನಾನೇ" ಎಂದೆ.