ಚೀಟಿಯಲ್ಲಿಲ್ಲದ ಸಾಲು

ರಸೆಲ್ ಮಾರುಕಟ್ಟೆಯ ಹಣ್ಣಿನ ಅಂಗಡಿಯಲ್ಲಿ ಒಣ ಅಂಜೂರದ ಸರ ತೂಗುಹಾಕಿದ್ದರು. ಅಂಗಡಿಯವನು ರುಚಿ ನೋಡಿ ಎಂದು ಒಂದನ್ನು ಬಿಡಿಸಿ ಅಂಗೈಗಿಟ್ಟ. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನ ನನ್ನ ಸೋದರತ್ತೆಯ ಮನೆ ಕಣ್ಣಮುಂದೆ ಬಂತು... ತಿನ್ನಲಾಗದೆ ಹಿಂದಕ್ಕೆ ಕೊಟ್ಟುಬಿಟ್ಟೆ.

ಅರವತ್ತರ ದಶಕದ ಕೊನೆ. ಅಪ್ಪನಿಗೆ ವರ್ಗವಾದದ್ದರಿಂದ ನಾನು ಹೈಸ್ಕೂಲು ಮುಗಿಸಲು ಅತ್ತೆಯ ಮನೆಯಲ್ಲೇ ಉಳಿದಿದ್ದೆ. ಬೆಳಿಗ್ಗೆ ಹಾಲು ಬರುವ ಮುಂಚೆಯೇ ಅತ್ತೆ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಸತ್ಯವೇದ, ಅಂದರೆ ನಮ್ಮ ಕನ್ನಡ ಬೈಬಲ್, ಬಿಡಿಸುತ್ತಿದ್ದರು. ನಿನ್ನೆ ನಿಲ್ಲಿಸಿದಲ್ಲಿಂದಲೇ ಶುರು. ಬರೀ ಹೆಸರುಗಳೇ ತುಂಬಿದ ಪುಟ ಬಂದರೂ ಹಾರಿಸುವಂತಿಲ್ಲ. ಮೊದಲು ಅಧ್ಯಾಯ ಪೂರ್ತಿ ಓದಬೇಕು. ಆಮೇಲೆ ಪೆನ್ಸಿಲ್ ಹಿಡಿದು, ಈ ಮಾತು ಯಾರು ಯಾರಿಗೆ ಹೇಳಿದ್ದು, ಯಾವ ಕಷ್ಟದಲ್ಲಿ, ಮುಂದೇನಾಯಿತು ಎಂದು ನೋಡಬೇಕು. ನಾನು ಚೆಂದದ ವಚನವೊಂದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅತ್ತೆ ನಗುತ್ತಿದ್ದರು.

"ಒಂದು ಸಾಲು ಕಿತ್ಕೊಂಡು ಓಡ್ಬೇಡ ಕಣೇ. ಮುಡ್ಕೊಳ್ಳೋಕೆ ಮಲ್ಲಿಗೇನಾ ಅದು?"

ಮಾವನಿಗೆ ಅಷ್ಟೆಲ್ಲ ತಾಳ್ಮೆ ಇರಲಿಲ್ಲ. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್, ಒಳ್ಳೆಯವರು, ಹಾಡುಗಾರರು. ಅತ್ತೆ ಓದುವಾಗ ಹಿತ್ತಲಲ್ಲಿ ಶೇವ್ ಮಾಡುತ್ತ ಕೀರ್ತನೆ ಗುನುಗುತ್ತಿದ್ದರು. ಹೊಸ ವರ್ಷದ ಆರಾಧನೆಯಲ್ಲಿ ಸಿಗುವ ವಾಗ್ದಾನದ ಚೀಟಿಯೇ ಅವರಿಗೆ ವರ್ಷವಿಡೀ ಸಾಕಾಗುತ್ತಿತ್ತು. ಡಬ್ಬಿಗೆ ಕೈಹಾಕಿ ಒಂದು ಚೀಟಿ ಎತ್ತಬೇಕು. ಅದರಲ್ಲಿರುವ ವಚನವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಆ ಸಲ ಮಾವನಿಗೆ ಬಂದದ್ದು, ನಿನ್ನ ಆಯುಷ್ಯ ಹೆಚ್ಚಿಸುತ್ತೇನೆ ಎಂಬ ಅರ್ಥದ ಸಾಲು. ಸಕ್ಕರೆ ಕಾಯಿಲೆಯ ಮನುಷ್ಯ, ಹಿಗ್ಗಿ ಹೀರೇಕಾಯಿಯಾದರು.

ಮಳೆಗಾಲದ ಹೊತ್ತಿಗೆ ಅವರ ಕಾಲಿನ ಹುಣ್ಣು ಕಪ್ಪಾಯಿತು. ಪಾದ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಮಾವ ಸುತರಾಂ ಒಪ್ಪಲಿಲ್ಲ. ದೇವರೇ ಮಾತು ಕೊಟ್ಟಿರುವಾಗ ಕಾಲು ಕತ್ತರಿಸಿಕೊಳ್ಳುವುದು ಅಪನಂಬಿಕೆ ಎಂದು ಪ್ರಾರ್ಥನಾ ಕೂಟದ ಹಿರಿಯರೊಬ್ಬರು ತಾಳ ಹಾಕಿದರು. ಅತ್ತೆ ಆ ಸಾಲಿದ್ದ ಅಧ್ಯಾಯ ತೆಗೆದು ಇಬ್ಬರ ಮುಂದೆಯೂ ಕೊನೆಯವರೆಗೆ ಓದಿದರು. ಹುಣ್ಣಾಗಿ ಸಾಯಲಿದ್ದ ಒಬ್ಬ ರಾಜನಿಗೆ ಹೇಳಿದ ಮಾತು ಅದು. ಕೊನೆಯಲ್ಲಿ ಪ್ರವಾದಿಯೇ ಆ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸುತ್ತಾನೆ. ಅದು ಆ ಕಾಲದ ಔಷಧಿ, ಮಾತು ಕೊಟ್ಟ ದೇವರೇ ಮದ್ದನ್ನೂ ಬೇಡವೆನ್ನಲಿಲ್ಲ, ಆಸ್ಪತ್ರೆಗೆ ಹೋಗೋಣ ಎಂದು ಬೇಡಿಕೊಂಡರು. ಮಾವ ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು. ಒಪ್ಪಿದರೆಂದೇ ನಾನು ತಿಳಿದೆ...

ಮರುದಿನ ಆ ಹಿರಿಯರು ಅಂಜೂರದ ಸರ ಹಿಡಿದು ಬಂದರು.

"ನಿಮ್ಮ ಮನೆಯವ್ರು ಸರಿಯಾಗೇ ಓದಿದ್ರು ಬ್ರದರ್. ಅಂಜೂರ ಅಂತ ಬರ್ದಿದೆ, ಅಂಜೂರಾನೇ ಕಟ್ಟೋಣ."

ಅತ್ತೆಯ ಒರಳಲ್ಲೇ ಅರೆದು ಕಟ್ಟಿದರು. ಅಡ್ಡ ಬಂದ ಅತ್ತೆಯನ್ನು ಮಾವ ಗದರಿ, ನೀನೇ ತೋರಿಸಿಕೊಟ್ಟ ಮದ್ದಲ್ಲವೇ ಎಂದರು. ಆ ವಾರವೆಲ್ಲ ಸಿಹಿ ವಾಸನೆಯೂ ಕೊಳೆತ ವಾಸನೆಯೂ ಕಲೆತು ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಅತ್ತೆ ಮಾವನ ಕಾಲ ಬಳಿ ಕೂತು ಸೆರಗಿನಿಂದ ಇರುವೆ ಒರೆಸುತ್ತಿದ್ದರು. ಕೊನೆಗೆ ಮಾವನಿಗೆ ಜ್ಞಾನ ತಪ್ಪಿದಾಗ ಅಕ್ಕಪಕ್ಕದವರು ಆಸ್ಪತ್ರೆಗೆ ಹೊತ್ತೊಯ್ದರು. ನಂಜು ಮೈಗೆಲ್ಲ ಏರಿತ್ತು. ಅವರು ಮನೆಗೆ ತಿರುಗಿ ಬರಲಿಲ್ಲ. ಆ ಹಿರಿಯರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಕೆಲವು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೊಂದು ಬೆಳಿಗ್ಗೆ, ನಿಲ್ಲಿಸಿದ್ದಲ್ಲಿಂದಲೇ ಮತ್ತೆ ಓದತೊಡಗಿದರು, ಈ ಸಲ ಗಟ್ಟಿಯಾಗಿ. ಇದೇನು ಹೊಸದು ಎಂದು ಕೇಳಿದೆ.

"ಇಷ್ಟು ವರ್ಷ ನನ್ನಷ್ಟಕ್ಕೆ ನಾನು ಓದ್ಕೊಂಡೆ ಕಣೇ. ಅವ್ರು ಇಲ್ಲೇ, ಗೋಡೆ ಆಚೆ ಇರ್ತಿದ್ರು. ಒಂದಿನಾನೂ ಕರ್ದು ಪಕ್ಕದಲ್ಲಿ ಕೂರಿಸ್ಕೊಳ್ಲಿಲ್ಲ."

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ನಾನು ಕೆ.ಆರ್. ಪುರಕ್ಕೆ ಬಂದೆ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು, ಅವರ ಮನೆಯಿದ್ದ ಜಾಗದ ಗುರುತೂ ಈಗ ಸಿಗುವುದಿಲ್ಲ. ಅವರು ಕಲಿಸಿದ ಕ್ರಮದಲ್ಲೇ ನಾನು ಓದಿದೆ, ಆದರೆ ಗಂಡನನ್ನು ಎದುರು ಕೂರಿಸಿಕೊಂಡು. ಅವರು ತೂಕಡಿಸುತ್ತ ಕೇಳುತ್ತಿದ್ದರು. ನಡುನಡುವೆ ಕಣ್ಣು ಬಿಟ್ಟು, ಆಮೇಲೇನಾಯಿತು ಎನ್ನುತ್ತಿದ್ದರು. ಹೋದ ವರ್ಷ ಅವರೂ ಹೋದರು... ಈಗಲೂ ನಾನು ಗಟ್ಟಿಯಾಗಿಯೇ ಓದುತ್ತೇನೆ. ಆಮೇಲೇನಾಯಿತು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.