ನೀನೇ ನೋಡ್ಕೋ

"ಸಾರ್, ನಿಮ್ಮ ಅಂಪೈರು ಯಾರನ್ನ ಕೇಳಿ ಔಟ್ ಕೊಡ್ತಾರೆ?"

ಹೊರಗಿನ ತಂಡದ ವೇಗದ ಬೌಲರೊಬ್ಬ ಪಂದ್ಯ ಮುಗಿದ ಮೇಲೆ ಬೂಟಿನ ದಾರ ಬಿಚ್ಚುತ್ತ ಹೀಗೆ ಕೇಳಿದ. ಸೋತ ಸಿಟ್ಟಿಗೆ ಕೇಳಿದ್ದಲ್ಲ; ಅವನ ತಂಡ ಗೆದ್ದಿತ್ತು. ನಾನು ಅಂಪೈರುಗಳ ಸಂಘದ ಕಾರ್ಯದರ್ಶಿ. ಆಟದ ನಿಯಮಗಳ ಬಗ್ಗೆ ಯಾರು ಏನೇ ಕೇಳಿದರೂ ತಡವರಿಸಿದವನಲ್ಲ. ಆದರೂ ಅಂದು, "ಯಾರನ್ನೂ ಕೇಳಲ್ಲಪ್ಪ, ಅವರು ಒಬ್ಬರೇ ಅಲ್ವಾ ಇರೋದು" ಎಂದಷ್ಟೇ ಹೇಳಲು ಸಾಧ್ಯವಾಯಿತು.

ಅವನು ತಲೆಯೆತ್ತಲಿಲ್ಲ. "ಒಬ್ಬರೇ ಅಂತ ನಂಗೂ ಗೊತ್ತು ಸಾರ್. ಅದಕ್ಕೇ ಕೇಳಿದ್ದು."

ಅವನು ಹೇಳಿದ ಅಂಪೈರನ್ನು ನಾವೆಲ್ಲ ಮಾಸ್ಟರ್ ಎಂದು ಕರೆಯುತ್ತಿದ್ದೆವು. ವೃತ್ತಿಯಿಂದ ದರ್ಜಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗದ ಅಂಗಡಿಗೂ ಫೋಟೊ ಸ್ಟುಡಿಯೊಗೂ ನಡುವೆ ಸಿಕ್ಕಿಕೊಂಡಂತಿದ್ದ ಇಕ್ಕಟ್ಟಿನ ಅಂಗಡಿ ಅವರದು. ಬಾಗಿಲಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಮೇಲೆ ಸೀಮೆಸುಣ್ಣದ ಪುಡಿ. ಕುತ್ತಿಗೆಯಲ್ಲಿ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತನಾಡಿ ರೂಢಿಯಾಗಿ, ಸೂಜಿ ಇಲ್ಲದಾಗಲೂ ಅವರ ಮಾತು ಮೊಟಕಾಗಿಯೇ ಇರುತ್ತಿತ್ತು. ಹೊಸ ಪ್ಯಾಂಟು ಸೊಂಟಕ್ಕೆ ಬಿಗಿಯಾಯಿತೆಂದು ಜಗಳಕ್ಕೆ ಬಂದ ಗಿರಾಕಿಯೊಬ್ಬರ ಹೊಟ್ಟೆಯ ಕಡೆ ಬೆರಳು ತೋರಿಸಿ, "ಅಳತೆ ಸರಿಯಾಗೇ ಇದೆ. ನೀವೇ ಕ್ರೀಸು ಬಿಟ್ಟು ಮುಂದೆ ಬಂದಿದ್ದೀರಿ" ಎಂದಿದ್ದರು. ಗಿರಾಕಿ ನಕ್ಕು, ಪ್ಯಾಂಟನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಹೋದರು.

ಮೈದಾನದಲ್ಲಿ ಅವರ ಜೊತೆಗಾರರಾಗಿದ್ದವರು ಅವರ ಅಕ್ಕನ ಗಂಡ. ಅಂಚೆ ಹಂಚುವ ಕೆಲಸದವರು. ಅಕ್ಕ ಸ್ಕೋರು ಬರೆಯುವವರು. ಅಂಪೈರು ಸನ್ನೆ ಮಾಡಿದಾಗ ಸ್ಕೋರು ಬರೆಯುವವರು ಕೈಯೆತ್ತಿ, ಕಂಡಿತೆಂದು ತಿಳಿಸಬೇಕಷ್ಟೆ. ಹೀಗೆ ತಮ್ಮ, ಭಾವ, ಅಕ್ಕ ಮೂವರೂ ಹಲವು ವರ್ಷಗಳ ಕಾಲ ಹುಲ್ಲಿನ ಆಚೀಚೆಯಿಂದ ಕೈಗಳಲ್ಲೇ ಮಾತನಾಡಿಕೊಂಡರು. ಭಾವಮೈದುನರ ಉದ್ದನೆಯ ಬಿಳಿ ಕೋಟುಗಳನ್ನು ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದದ್ದು ಮಾಸ್ಟರೇ.

ಒಂದು ಮಧ್ಯಾಹ್ನ, ನಡೆಯುತ್ತಿದ್ದ ಪಂದ್ಯದಲ್ಲಿ, ಬ್ಯಾಟುಗಾರನಿಗೆ ಅಡ್ಡಲಾಗಿ ದೂರದಲ್ಲಿ ಅಂಪೈರು ನಿಲ್ಲುವ ಸ್ಕ್ವೇರ್ ಲೆಗ್ ಜಾಗದಲ್ಲಿ, ಭಾವ ಕುಸಿದು ಬಿದ್ದರು. ಹೃದಯ ನಿಂತಿತ್ತು. ಗಾಡಿ ಹುಡುಕಿ ತರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಆ ಬಳಿಕ ಮಾಸ್ಟರ್ ಒಬ್ಬರೇ ನಿಲ್ಲತೊಡಗಿದರು. ನಮ್ಮದು ಬಡ ಸಂಘ. ಸಣ್ಣ ಪಂದ್ಯಗಳಿಗೆ ಒಬ್ಬರನ್ನೇ ಕಳಿಸುವುದು ಸಾಮಾನ್ಯವಾಗಿತ್ತು. ಅಂಥ ಪಂದ್ಯಗಳಲ್ಲಿ ಬ್ಯಾಟಿಂಗ್ ತಂಡದ ಯಾರಾದರೂ ಸ್ಕ್ವೇರ್ ಲೆಗ್‌ನಲ್ಲಿ ನಿಲ್ಲುತ್ತಾರೆ. ಮಾಸ್ಟರ್ ಮಾತ್ರ ಯಾರನ್ನೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. "ಬೇಡ" ಎನ್ನುವರು, ಅಷ್ಟೆ. ಪ್ರತಿ ಎಸೆತಕ್ಕೂ ಮುನ್ನ ಆ ಖಾಲಿ ಜಾಗದ ಕಡೆ ನೋಡುವರು. ಅಪೀಲು ಬಂದರೆ ಮತ್ತೆ ಆ ಕಡೆ ನೋಡುವರು, ಏನನ್ನೋ ಕಾಯುವರು, ಆಮೇಲೆ ಬೆರಳೆತ್ತುವರು, ಇಲ್ಲವೇ ತಲೆಯಾಡಿಸುವರು. ಅವರು ನಿಂತ ಕಡೆಯಿಂದ ಸರಿಯಾಗಿ ಕಾಣಲಾರದ, ಸ್ಕ್ವೇರ್ ಲೆಗ್‌ನವರೇ ಹೇಳಬೇಕಾದ ಸ್ಟಂಪಿಂಗ್‌ನಲ್ಲೂ ಅವರ ತೀರ್ಪು ತಪ್ಪಿದ್ದನ್ನು ನಾನು ನೋಡಲಿಲ್ಲ. ಕ್ರಮೇಣ ಆಟಗಾರರೂ ಆ ಜಾಗವನ್ನು ತುಳಿಯದೆ ಸುತ್ತಿ ಓಡಾಡತೊಡಗಿದರು. ನಾಯಕರು ಅಲ್ಲಿ ಫೀಲ್ಡರನ್ನು ಇಡುವುದನ್ನು ಬಿಟ್ಟರು. ಯಾರೂ ಹೇಳಿಕೊಟ್ಟದ್ದಲ್ಲ.

ನಾನು ಇದಕ್ಕೆ ಕಾರಣ ಹುಡುಕಿದ್ದೆ. ಕಣ್ಣಿನ ನಡುಭಾಗಕ್ಕೆ ವಿವರ ಸ್ಪಷ್ಟ. ಅಂಚಿಗೆ ಚಲನೆ ಚುರುಕು. ಖಾಲಿ ಜಾಗವನ್ನು ದಿಟ್ಟಿಸಿದಾಗ ಕೀಪರನ ಭುಜ, ಬ್ಯಾಟುಗಾರನ ಕಾಲು ಇವರ ಕಣ್ಣಂಚಿಗೆ ಬೀಳುತ್ತಿರಬೇಕು. ಮೇಲಾಗಿ, ತಾನು ಔಟೆಂದು ಬ್ಯಾಟುಗಾರನ ಬೆನ್ನಿಗೇ ಮೊದಲು ತಿಳಿಯುತ್ತದೆ. ಇದು ತಕ್ಕಮಟ್ಟಿಗೆ ಒಪ್ಪಬಹುದಾದ ವಿವರಣೆ. ಆದರೆ ಅವರು ಪಂದ್ಯಕ್ಕೆ ಎರಡು ಕೋಟು ತರುತ್ತಿದ್ದುದಕ್ಕೆ ಇದರಲ್ಲಿ ಉತ್ತರವಿಲ್ಲ. ಇಸ್ತ್ರಿ ಮಾಡಿದ ಎರಡನೆಯ ಕೋಟನ್ನು, ಭಾವ ತೊಡುತ್ತಿದ್ದುದನ್ನು, ಅಕ್ಕ ಕೂರುವ ಮೇಜಿನ ಪಕ್ಕದ ಕಂಬಕ್ಕೆ ತೂಗುಹಾಕುವರು. ಸಂಜೆ ಅದನ್ನು ಮಡಿಸಿ ಚೀಲಕ್ಕೆ ಹಾಕುವರು. ಒಮ್ಮೆ ಮಡಿಸಲು ನಾನು ಕೈಜೋಡಿಸಿದೆ. ಕಾಲರಿನ ಒಳಬದಿ ಒದ್ದೆಯಾಗಿತ್ತು. ಮೋಡ ಕವಿದ ದಿನ, ಹತ್ತಿ ಬಟ್ಟೆ ಗಾಳಿಯ ತೇವವನ್ನು ಹೀರುತ್ತದೆ. ಆದರೂ ಮನೆಗೆ ಬಂದವನು ಮೊದಲು ಕೈ ತೊಳೆದುಕೊಂಡೆ.

ಹೀಗಿರುವಾಗ ಕ್ರಿಕೆಟ್ ಮಂಡಳಿಯಿಂದ ಆಹ್ವಾನ ಬಂತು: ನಿಮ್ಮ ಸಂಘ ನಮ್ಮೊಳಗೆ ಸೇರಲಿ. ಮುದ್ರಣಾಲಯದ ಮೇಲಿನ ನಮ್ಮ ಕೋಣೆಯಲ್ಲಿ ಸಭೆ ಸೇರಿದೆವು. ಕೆಳಗಿನ ಯಂತ್ರದ ಅದುರು ಕುರ್ಚಿಗಳ ಕಾಲುಗಳನ್ನು ಹಿಡಿದು ಮೇಲೇರುತ್ತಿತ್ತು. ಮಾಸ್ಟರ್ ಪಂದ್ಯ ಮುಗಿಸಿ ನೇರ ಬಂದಿದ್ದರು. ಪಕ್ಕದ ಕುರ್ಚಿಯ ಬೆನ್ನಿಗೆ ಎರಡನೆಯ ಕೋಟು. ಮತದ ಹಕ್ಕಿಲ್ಲದ ಅಕ್ಕ ಹಿಂದೆ, ಗೋಡೆಗೊರಗಿ ಕುಳಿತಿದ್ದರು.

ತಡವಾಗಿ ಬಂದವನು ವೈಡ್. ಡ್ರೈವಿಂಗ್ ಕಲಿಸುವ ಕೆಲಸ. ಚೆಂಡು ಒಂದಿಷ್ಟು ಆಚೆ ಹೋದರೂ ಎರಡೂ ಕೈ ಚಾಚಿ ವೈಡ್ ಕೊಡುತ್ತಾನೆಂದು ಆ ಹೆಸರು.

"ಮಾಸ್ಟರ್, ಕೋಟು ತೆಗೀರಿ, ಕೂತ್ಕೋತೀನಿ."

"ಬೇರೆ ಕುರ್ಚಿ ನೋಡ್ಕೋ."

"ಓಹೋ, ಕೋಟಿಗೂ ಒಂದು ವೋಟಾ?"

ಎಲ್ಲರೂ ನಕ್ಕರು. ಅಕ್ಕ, ತಮ್ಮ ಇಬ್ಬರೂ ನಗಲಿಲ್ಲ.

ಶಾಲೆಯೊಂದರ ಡ್ರಿಲ್ ಮೇಷ್ಟ್ರು ಸೇರಬಾರದೆಂಬ ಪಕ್ಷ. "ಮಂಡಳೀಲಿ ಕೂತಿರೋರೆಲ್ಲ ಕ್ಲಬ್ಬುಗಳ ಯಜಮಾನ್ರು. ಇವತ್ತು ನಮಗೆ ಯಾರ ಹಂಗೂ ಇಲ್ಲ. ನಾಳೆ ಖಜಾಂಚಿ ಮಗನ ಪ್ಯಾಡಿಗೆ ಚೆಂಡು ಬಡಿದ್ರೆ, ನನ್ನ ಬೆರಳು ಮೇಲೆ ಏಳುತ್ತಾ?"

"ಈಗಲೂ ಏಳಲ್ಲ ಬಿಡಿ ಮೇಷ್ಟ್ರೆ, ಅದಕ್ಕೆ ಸಂಧಿವಾತ" ಎಂದ ವೈಡ್. "ಸ್ವತಂತ್ರ ಸಂಘ ಅಂತ ಬೋರ್ಡು ಹಾಕ್ಕೊಂಡಿದ್ದೀವಿ. ಏನ್ರೀ ಸ್ವಾತಂತ್ರ್ಯ? ಬೆಳಗ್ಗಿಂದ ಸಂಜೆವರೆಗೂ ಒಬ್ಬನೇ ಬಿಸಿಲಲ್ಲಿ ಒಣಗೋದಾ? ಬೈಗುಳ ಹಂಚ್ಕೊಳ್ಳೋಕಾದ್ರೂ ಇನ್ನೊಬ್ಬ ಬೇಡ್ವಾ?"

ಮಂಡಳಿಯಿಂದ ಬಂದಿದ್ದ ಅಧಿಕಾರಿ ಮೆದುಮಾತಿನ ಮಹಿಳೆ. ಆಕೆ ಈ ಮಾತಿನ ತುದಿ ಹಿಡಿದರು. "ಅದನ್ನೇ ನಾನೂ ಹೇಳೋದು. ಸೇರಿದ್ರೆ ಪ್ರತಿ ಪಂದ್ಯಕ್ಕೂ ಇಬ್ಬರು ಅಂಪೈರು ಕಡ್ಡಾಯ. ಸ್ಕ್ವೇರ್ ಲೆಗ್ ಜಾಗ ಇನ್ನು ಖಾಲಿ ಇರಲ್ಲ."

"ಈಗಲೂ ಖಾಲಿ ಇಲ್ಲ" ಎಂದರು ಮಾಸ್ಟರ್.

ಕೆಳಗಿನ ಯಂತ್ರ ಅದೇ ಹೊತ್ತಿಗೆ ನಿಂತಿತು. ಯಾರೋ ಅದನ್ನು ನಿಲ್ಲಿಸಿದ್ದರು, ಅಷ್ಟೆ. ಆದರೆ ಆ ಮೌನದಲ್ಲಿ ಕೋಣೆಯ ಎಲ್ಲ ಕಣ್ಣುಗಳೂ ಕೋಟು ತೊಟ್ಟ ಆ ಕುರ್ಚಿಯ ಕಡೆ ಹೊರಳಿದವು. ಸಂಘ ಮಂಡಳಿಗೆ ಸೇರಿದರೆ ಆ ಮನುಷ್ಯನಿಗೆ ಏನು ಕೈತಪ್ಪುತ್ತದೆಂಬುದು ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಅದಕ್ಕೇನು ಹೆಸರಿಡಬೇಕೆಂಬುದು ಯಾರಿಗೂ ತಿಳಿಯಲಿಲ್ಲ.

ಡ್ರಿಲ್ ಮೇಷ್ಟ್ರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಎರಡು ಕಡೆನೂ ಸಮ ಇದೆ. ಮಾಸ್ಟರ್ ನಮ್ಮ ಕಡೆ. ಗೆದ್ವಿ."

ಅಧಿಕಾರಿ ಉಳಿದ ಸೌಲಭ್ಯಗಳನ್ನು ಹೇಳುತ್ತ ಹೋದರು: ವಿಮೆ, ಮಂಡಳಿಯ ಅಂಗಿ, ಪ್ರತಿ ಮೈದಾನದಲ್ಲೂ ಆಂಬುಲೆನ್ಸ್, ಹೃದಯ ನಿಂತರೆ ಏನು ಮಾಡಬೇಕೆಂದು ಕಲಿತ ಒಬ್ಬ ಸಹಾಯಕ.

"ಎಲ್ಲಿ ನಿಲ್ಲುತ್ತೆ?" ಮಾಸ್ಟರ್ ಕೇಳಿದರು.

"ಏನು?"

"ಗಾಡಿ. ಎಲ್ಲಿ ನಿಲ್ಲುತ್ತೆ?"

"ಬೌಂಡರಿ ಗೆರೆ ಪಕ್ಕದಲ್ಲೇ."

"ಯಾರು ಕರೀಬೇಕು?"

"ಕರೆಯೋದೇನೂ ಬೇಡ. ಅಂಪೈರು ಒಂದು ಸನ್ನೆ ಮಾಡಿದ್ರೆ ಸಾಕು."

ಸನ್ನೆ ಎಂಬ ಮಾತಿಗೆ ಹಿಂದೆ ಕುಳಿತಿದ್ದ ಅಕ್ಕ ತಲೆಯೆತ್ತಿ ತಮ್ಮನ ಬೆನ್ನನ್ನು ನೋಡಿದ್ದು ನನಗೆ ನೆನಪಿದೆ.

ನಾನು ಮತಕ್ಕೆ ಹಾಕಿದೆ. ಸೇರಬೇಕೆನ್ನುವವರು ಕೈಯೆತ್ತಿರಿ ಎಂದೆ. ಮಾಸ್ಟರ್ ಪಕ್ಕದ ಕುರ್ಚಿಯ ಕಡೆ ತಿರುಗಿದರು. ಮೈದಾನದ ಅದೇ ನೋಟ, ಅದೇ ಕಾಯುವಿಕೆ. ಆಮೇಲೆ ನಿಧಾನವಾಗಿ ಕೈಯೆತ್ತಿದರು. ಡ್ರಿಲ್ ಮೇಷ್ಟ್ರು, "ಮಾಸ್ಟರ್, ಇದು ಸೇರೋರ ಸರದಿ!" ಎಂದು ಕೂಗಿದರು. "ಗೊತ್ತು" ಎಂದರು ಮಾಸ್ಟರ್. ಆ ಒಂದು ಕೈಯಿಂದ ಸಂಘ ಮಂಡಳಿಗೆ ಸೇರಿತು.

ಹೊಸ ವ್ಯವಸ್ಥೆಯ ಮೊದಲ ಪಂದ್ಯದಲ್ಲಿ ಅವರ ಜೊತೆಗಾರನಾಗಿ ನಿಂತವನು ನಾನು. ಇಬ್ಬರಿಗೂ ಮಂಡಳಿಯ ಬಣ್ಣದ ಅಂಗಿ. ಎರಡನೆಯ ಕೋಟು ಎಂದಿನಂತೆ ಕಂಬದ ಮೇಲಿತ್ತು. ಮೇಜಿನ ಬಳಿ ಅಕ್ಕ, ಅವರ ಪಕ್ಕದಲ್ಲಿ ಆಂಬುಲೆನ್ಸ್.

ಸ್ಕ್ವೇರ್ ಲೆಗ್‌ಗೆ ಹೋಗಿ ನಿಂತೆ. ಎಸೆತಕ್ಕೆ ಮುನ್ನ ಮಾಸ್ಟರ್ ಈ ಕಡೆ ನೋಡಿದರು. ನನ್ನನ್ನಲ್ಲ, ನನ್ನ ಎಡ ಭುಜದ ಪಕ್ಕವನ್ನು. ನಾನು ಎಡಕ್ಕೆ ಸರಿದು ಆ ನೋಟದ ನೇರಕ್ಕೆ ನಿಂತೆ. ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ತಲೆಯೆತ್ತಿ ನೋಡಿದರೆ ಮೋಡ ಬಿಸಿಲನ್ನು ಮುಚ್ಚಿತ್ತು. ಕಾರಣ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಂಡರೂ, ಮತ್ತೆ ಬಲಕ್ಕೆ ಸರಿದು, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಂತೆ. ಮೋಡ ಹೋಗಿ ಬಿಸಿಲು ಬಂದ ಮೇಲೂ ಹಾಗೆಯೇ ನಿಂತಿದ್ದೆ.

ಊಟದ ವಿರಾಮಕ್ಕೆ ಸ್ವಲ್ಪ ಮುಂಚೆ ಅಂಗಿಯ ಜೇಬಿನಲ್ಲಿ ಪೆನ್ನು ಇದೆಯೇ ಎಂದು ಮುಟ್ಟಿ ನೋಡಿಕೊಂಡೆ. ಅಂಗೈ ಎದೆಯ ಮೇಲೆ ಒಂದು ಕ್ಷಣ ನಿಂತಿರಬೇಕು.

ಬೌಲರ್ ಓಡಿ ಬರುತ್ತಿದ್ದ. ಮಾಸ್ಟರ್ ಅವನಿಗೆ ಅಡ್ಡಗೈ ಹಿಡಿದು ನಿಲ್ಲಿಸಿ, ಇನ್ನೊಂದು ಕೈಯನ್ನು ಆಂಬುಲೆನ್ಸಿನ ಕಡೆ ಎತ್ತಿ, ನನ್ನತ್ತ ಓಡಿಬಂದರು. ಅವರು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕೂತ್ಕೋ! ಕೂತ್ಕೋ ಮೊದಲು! ಎಲ್ಲಿ ನೋವು?"

"ಪೆನ್ನು, ಮಾಸ್ಟರ್... ಪೆನ್ನು ನೋಡ್ಕೊಂಡೆ, ಅಷ್ಟೆ."

ಅವರು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಎದೆಯಿಂದ ಕಿತ್ತರು. ತುಟಿಗಳು ಸೂಜಿ ಕಚ್ಚಿದಂತೆ ಬಿಗಿದಿದ್ದವು. "ಅಲ್ಲಿ ಕೈ ಇಡ್ಬೇಡಿ. ಯಾವತ್ತೂ ಅಲ್ಲಿ ಇಡ್ಬೇಡಿ." ಆಟಗಾರರು ನಕ್ಕರು. ವಯಸ್ಸಾಯಿತು, ಗಾಬರಿಯ ಸ್ವಭಾವ ಎಂದು ನಾನೂ ಅಂದುಕೊಂಡೆ. ಮೇಜಿನ ಬಳಿ ಅಕ್ಕ ಎದ್ದು ನಿಂತಿದ್ದರು. ಅವರ ಕೈ, ಸನ್ನೆ ಕಂಡಿತೆಂದು ತಿಳಿಸುವ ಹಾಗೆ, ಮೇಲೆತ್ತಿಯೇ ಇತ್ತು.

ಮರುವರ್ಷ ಮಾಸ್ಟರ್ ತೀರಿಕೊಂಡರು. ಕೆಲವು ದಿನಗಳ ನಂತರ ಅಕ್ಕ ನನ್ನನ್ನು ಅಂಗಡಿಗೆ ಕರೆಸಿದರು. ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ಕತ್ತರಿಸುವ ಮೇಜಿನ ಮೇಲೆ ಆ ಕೋಟು.

"ನಿಮಗೆ ಆಗುತ್ತಾ ನೋಡಿ."

ತೊಡಲು ಮನಸ್ಸಾಗಲಿಲ್ಲ. ಅದರ ಬದಲು ಆ ಬೌಲರನ ಪ್ರಶ್ನೆಯನ್ನು ಅವರ ಮುಂದಿಟ್ಟೆ. "ಅಕ್ಕ, ಮಾಸ್ಟರ್ ಆ ಕಡೆ ನೋಡಿ ಯಾರನ್ನ ಕೇಳ್ತಿದ್ರು?"

"ಕೇಳ್ತಿರ್ಲಿಲ್ಲಪ್ಪ" ಎಂದರು ಅವರು. "ನೋಡ್ಕೋತಿದ್ದ."

ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಆಮೇಲೆ ಹೇಳಿದರು:

"ಅವರಿಬ್ಬರದೂ ಒಂದು ಸನ್ನೆ ಇತ್ತು. ನಮ್ಮನೆ ಊಟದ ಮೇಜಿನ ಮುಂದೆ ಕೂತು ಮಾಡ್ಕೊಂಡಿದ್ದು. ಅಂಗೈ ಎದೆ ಮೇಲಿಟ್ರೆ, 'ನಂಗೆ ಕಾಣ್ಲಿಲ್ಲ, ನೀನೇ ನೋಡ್ಕೋ' ಅಂತ. ಅವತ್ತು ಸ್ಟಂಪಿಂಗ್ ಅಪೀಲು ಬಂತು. ತಮ್ಮ ಆ ಕಡೆ ನೋಡ್ದ. ಇವರ ಅಂಗೈ ಎದೆ ಮೇಲಿತ್ತು. ಸರಿ ಅಂತ ತಲೆ ಆಡಿಸಿ ನಾಟೌಟ್ ಕೊಟ್ಟ. ಆಟ ಮುಂದುವರೀತು. ಆ ಓವರು ಮುಗಿಯೋದ್ರೊಳಗೆ ಇವರು ಬಿದ್ರು."

ಅವರ ಕಣ್ಣು ಒಣಗಿಯೇ ಇತ್ತು. "ಸಾಯೋವರೆಗೂ ಅವನು ನನ್ನ ಹತ್ರ ಇದನ್ನ ಬಾಯಿಬಿಡ್ಲಿಲ್ಲ. ಅಕ್ಕನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದ."

"ನೀವಾದ್ರೂ ಹೇಳಬಹುದಿತ್ತಲ್ಲ ಅಕ್ಕ, ನಿಂದೇನೂ ತಪ್ಪಿಲ್ಲ ಅಂತ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಆ ಕೈ ನಂಗೂ ಕಂಡಿತ್ತು. ಮೇಜಿನಿಂದ ಇವರು ನನಗೆ ಎದುರಿಗೇ ಇದ್ರು, ಅವನಿಗಿಂತ ಹತ್ತಿರ. ನಾನೂ ಸನ್ನೆ ಅಂತಲೇ ತಿಳ್ಕೊಂಡೆ. ಕೈ ಎತ್ತಿ, ಕಂಡಿತು ಅಂತ ತಮ್ಮನಿಗೆ ತೋರಿಸ್ದೆ; ಅವನು ಅದು ನಾಟೌಟ್‌ಗೆ ಅಂದ್ಕೊಂಡಿರ್ಬೇಕು. ರನ್ ಇಲ್ಲ ಅಂತ ಪುಸ್ತಕದಲ್ಲಿ ಒಂದು ಚುಕ್ಕೆ ಹಾಕ್ದೆ. ಆಮೇಲೆ ಪೆನ್ಸಿಲ್ ಚೂಪು ಮಾಡೋಕೆ ತಲೆ ಬಗ್ಗಿಸ್ದೆ."