ಟವೆಲಿನ ಕೆಳಗಿನ ಕೈ

ಕುರುಗೋಡಿನ ಗಾದೆಪ್ಪನ ಮುಖ ನೋಡಿ ಎತ್ತಿನ ದರ ಅಂದಾಜು ಮಾಡಿದವರು ಯಾರೂ ಇಲ್ಲ. ಕೊಳ್ಳುವವನಿಗೆ ಲಾಭವಾದರೂ ಅದೇ ಮುಖ, ಮಾರುವವನು ಸೋತರೂ ಅದೇ ಮುಖ. ಸ್ವಂತ ಮದುವೆಯಲ್ಲೂ ಅದೇ ಮುಖವಿತ್ತೆಂದು ಹೆಂಡತಿ ಪಕ್ಕೀರಮ್ಮ ಬಂದವರೆದುರು ಹೇಳುತ್ತಿದ್ದಳು. ದನದ ದಲಾಲಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕಿಲ್ಲ. ಆದರೆ ಆ ಮುಖ ಹುಟ್ಟಿನಿಂದ ಬಂದದ್ದಲ್ಲ, ಉಜ್ಜಿನಪ್ಪ ಮಾಡಿಕೊಟ್ಟದ್ದು.

ಸಿರುಗುಪ್ಪದ ದನದ ಸಂತೆಯಲ್ಲಿ ಆಗ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಮಾರುವವನ ಕಡೆಯ ದಲಾಲಿ, ಕೊಳ್ಳುವವನ ಕಡೆಯ ದಲಾಲಿ, ಇಬ್ಬರೂ ಕೈ ಕೂಡಿಸಿ ಮೇಲೆ ಟವೆಲ್ ಹೊದಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು ನೂರು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಹಿಡಿದದ್ದು ಹಿಡಿದದ್ದೇ. ಹಿಡಿದು ಆಮೇಲೆ ಇಲ್ಲವೆಂದವನ ಕೈಯನ್ನು ಆ ಸಂತೆಯಲ್ಲಿ ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಒಂದು ಟವೆಲು, ಎರಡು ಮುಖ.

ಕರೂರಿನಿಂದ ಕುರುಗೋಡಿಗೆ ಬಂದ ಹೊಸದರಲ್ಲಿ ಗಾದೆಪ್ಪ ಬೆರಳು ಹಿಡಿಯುವಾಗ ಹುಬ್ಬು ಏರಿಸುತ್ತಿದ್ದ. ಎದುರು ಕಡೆಯ ದಲಾಲಿ ಉಜ್ಜಿನಪ್ಪ, ಕುರುಗೋಡಿನವನೇ, ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯ, ಒಂದು ಹಂಗಾಮು ಪೂರ್ತಿ ಆ ಹುಬ್ಬಿನ ಲಾಭ ತಿಂದ. ಆಮೇಲೆ ಅವನಿಗೇ ಬೇಸರ ಬಂತು. ಇಷ್ಟು ಸಲೀಸಾಗಿ ಸೋಲುವವನ ಜೊತೆ ವ್ಯಾಪಾರ ರುಚಿಸುವುದಿಲ್ಲವೆಂದು ಕಲಿಸಲು ಕುಳಿತ. ಕಲಿಸುವ ರೀತಿಯೂ ಅವನದೇ. ದರ ಹೇಳುವ ಮೊದಲು ಟವೆಲಿನ ಕೆಳಗೆ ಹೆಬ್ಬೆರಳ ಉಗುರಿನಿಂದ ಗಾದೆಪ್ಪನ ಅಂಗೈ ಕೆರೆಯುವುದು. ಬಾಯಲ್ಲಿ ಮೆಣಸಿನಕಾಯಿ ದರದ ಮಾತು, ಮುಖದಲ್ಲಿ ಸ್ವಾಮಿಗಳ ಗಾಂಭೀರ್ಯ. ಗಾದೆಪ್ಪನಿಗೋ ಮೈಯೆಲ್ಲ ಕಚಗುಳಿ.

“ನಗಬ್ಯಾಡಲೇ,” ಅನ್ನುತ್ತಿದ್ದ ಉಜ್ಜಿನಪ್ಪ. “ನೀ ನಕ್ಕರ ಎತ್ತಿನ ಹಲ್ಲು ಬಿಟ್ಟು ನಿನ್ನ ಹಲ್ಲು ಎಣಸ್ತಾರ.”

ವರ್ಷಗಳು ಹೋದಂತೆ ಗಾದೆಪ್ಪನ ಮುಖ ಕಲ್ಲಾಯಿತು. ನಗು ಒಳಗೇ ಉಳಿಯಿತು. ಪಾಠ ಮುಗಿದರೂ ಉಜ್ಜಿನಪ್ಪ ಕೆರೆಯುವುದನ್ನು ಬಿಡಲಿಲ್ಲ. ಅವರಿಬ್ಬರ ನಡುವೆ ಆರಾಮ ಅದೀಯೇನು ಎಂದು ಕೇಳುವ ಪದ್ಧತಿಯೇ ಇರಲಿಲ್ಲ, ಉಗುರು ಕೇಳುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಸಂತೆಯ ಬಾಗಿಲಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಗಾದೆಪ್ಪನ ತಟ್ಟೆಯ ಒಂದು ಮಿರ್ಚಿ ಉಜ್ಜಿನಪ್ಪನಿಗೆ ಸೇರತಕ್ಕದ್ದು. ಅದಕ್ಕೆ ಅವನು ಗುರುದಕ್ಷಿಣೆ ಎಂದು ಹೆಸರಿಟ್ಟಿದ್ದ.

ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಉಜ್ಜಿನಪ್ಪ ಚಸ್ಮಾ ಹಾಕಿಸಿಕೊಳ್ಳಲು ಬಳ್ಳಾರಿಗೆ ಹೋದ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಚಹಾ ಕುಡಿದು ಕುಳಿತವನು ಹಾಗೆಯೇ ತಲೆ ವಾಲಿಸಿದ. ಕಂಡಕ್ಟರು ಕುರುಗೋಡು, ಕುರುಗೋಡು ಎಂದು ಕೂಗಿ, ನಿದ್ದೆ ಹತ್ತಿದೆ ಎಂದುಕೊಂಡು ಬಸ್ಸು ಬಿಟ್ಟ. ಸೀಟಿಗೆ ಮೊದಲೇ ಟವೆಲ್ ಹಾಕಿ ಜಾಗ ಹಿಡಿಯುವ ಮನುಷ್ಯ, ಜೀವಮಾನದಲ್ಲಿ ತಪ್ಪಿಸಿಕೊಂಡದ್ದು ಅದೊಂದೇ ಬಸ್ಸು.

ಗಾದೆಪ್ಪ ಆ ದಿನ ಸಿರುಗುಪ್ಪದಲ್ಲಿದ್ದ. ಸುದ್ದಿ ಸಿಕ್ಕಾಗ ಕೊನೆಯ ಬಸ್ಸು ಹೋಗಿತ್ತು. ಭತ್ತದ ಲಾರಿ ಹತ್ತಿ, ಅದು ದಾರಿಯಲ್ಲಿ ಕೆಟ್ಟು, ಮರುದಿನ ಕುರುಗೋಡು ಮುಟ್ಟುವಷ್ಟರಲ್ಲಿ ಉಜ್ಜಿನಪ್ಪನನ್ನು ಕುಣಿಯಲ್ಲಿ ಕೂಡಿಸಿಯಾಗಿತ್ತು. ಎಡಗೈಯಲ್ಲಿ ಲಿಂಗವಿತ್ತಂತೆ. ಬಲಗೈ ಎಲ್ಲಿತ್ತೋ, ವಿಭೂತಿ, ಪತ್ರೆಗಳ ಅಡಿಯಲ್ಲಿ ಕಾಣಲಿಲ್ಲ. ಗಾದೆಪ್ಪ ಕುಣಿಯ ಅಂಚಿಗೆ ಬಗ್ಗಿ ಬಗ್ಗಿ ಹುಡುಕಿದ. ಜಾರಿ ಬಿದ್ದಾನೆಂದು ಯಾರೋ ಹಿಂದಕ್ಕೆಳೆದರು. ಒಂದು ಹಿಡಿ ಮಣ್ಣು ಹಾಕಿದ. ಆಗಲೂ ಮುಖ ಅದೇ ಇತ್ತು. ಎಂಥ ಕಲ್ಲೆದೆಯವನು ಎಂದು ಹೆಂಗಸರು ಆಡಿಕೊಂಡರು.

ಕರ್ಮಾದಿಗಳು ಮುಗಿದ ಮೇಲೆ ಉಜ್ಜಿನಪ್ಪನ ಹೆಂಡತಿ ದಾಕ್ಷಾಯಣಮ್ಮ ಅವನ ಟವೆಲನ್ನು ಮಡಚಿ ಗಾದೆಪ್ಪನಿಗೆ ಕೊಟ್ಟಳು. “ಹೊಗಿಸೊಪ್ಪು, ಎತ್ತಿನ ವಾಸನಿ ಹೋಗವಲ್ದಾಗಿತ್ತು ಗಾದೆಪ್ಪಣ್ಣ,” ಎಂದಳು. “ಎರಡು ಸರ್ತಿ ಸೋಡಾ ಹಾಕಿ ಕುದಿಸೀನಿ ನೋಡ್ರಿ.” ಗಾದೆಪ್ಪ ಅದನ್ನು ಮೂಗಿಗೆ ಹಿಡಿದು ನೋಡಿದ. ಹೊಸ ಮಡಕೆಯಷ್ಟು ಶುದ್ಧವಾಗಿತ್ತು. ಚೊಲೋ ಮಾಡಿದ್ರಿ ಅಕ್ಕಾರ ಎಂದು ಬಗಲಲ್ಲಿಟ್ಟುಕೊಂಡು ಬಂದ.

ಅಂದಿನಿಂದ ಅವನು ಸಂತೆಗೆ ಹೋದರೂ ಟವೆಲಿನ ಕೆಳಗೆ ಕೈಯಿಡುವುದು ಆಗದಾಯಿತು. ಪ್ರಯತ್ನಪಡಲಿಲ್ಲವೆಂದಲ್ಲ. ಒಬ್ಬನ ಕೈ ಬೆಂದ ಬದನೆಕಾಯಿಯಂತಿತ್ತು. ಇನ್ನೊಬ್ಬನದು ಓಟು ಕೇಳಲು ಬಂದವರ ಕೈಯಂತೆ ಮೆತ್ತಗಿತ್ತು. ಎಲ್ಲರೂ ನೇರ ಬೆರಳಿಗೇ ಬರುತ್ತಿದ್ದರು. ಅಂಗೈ ಕಾಯುತ್ತಿತ್ತು, ಏನೂ ಆಗುತ್ತಿರಲಿಲ್ಲ, ಇವನು ಕೈ ಎಳೆದುಕೊಳ್ಳುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರೇ ಬೇರೆ ದಲಾಲಿ ಹಿಡಿದರು. ಮನೆಯ ಕಟ್ಟೆಯ ಮೇಲೆ ಅವನು ತನ್ನ ಕೈಯ ಮೇಲೆ ತಾನೇ ಆ ಟವೆಲ್ ಹೊದಿಸಿಕೊಂಡು ಕೂತಿರುವುದನ್ನು ಪಕ್ಕೀರಮ್ಮ ನೋಡಿದಳು.

“ಅಷ್ಟು ವರ್ಷ ಆತನ ಕೈ ಹಿಡ್ಕಂಡು ಕುಂತಿ,” ಎಂದಳು. “ನನ್ನ ಕೈ ಹಿಡಿದದ್ದು ಧಾರಿ ಹೊತ್ತಿನಾಗ ಒಮ್ಮೆ. ಸವತಿ ಅಂದ್ರ ಇಂಥಾಕಿ ಇರಬೇಕು ನೋಡು.” ಹಾಗೆಂದು ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಮರುವಾರದ ಸಂತೆಗೆ ಅವಳೇ ಬುತ್ತಿ ಕಟ್ಟಿ, ಕರೂರಿನ ತನ್ನ ತಮ್ಮ ಅಂಜಿನಪ್ಪನನ್ನು ಜೊತೆ ಮಾಡಿದಳು. ಅಂಜಿನಪ್ಪನಿಗೆ ಗದ್ದೆಗೆ ಒಂದು ಜೋಡಿ ಎತ್ತು ಬೇಕಿತ್ತು. ಗಾದೆಪ್ಪ ಮಾವ ಇವತ್ತು ಕೈಯಿಟ್ಟರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ, ಮಾವನೂ ಈ ಕಸುಬು ಬಿಟ್ಟು ಗದ್ದೆಗೆ ಕೂಲಿಗೆ ಬರಲಿ ಎಂದು ಬಸ್ಸಿನಲ್ಲೇ ಹೇಳಿಬಿಟ್ಟ.

ಅಂಜಿನಪ್ಪ ಮೆಚ್ಚಿದ ಜೋಡಿಯ ದಲಾಲಿ ಹಚ್ಚೊಳ್ಳಿಯ ಎರ್ರಣ್ಣ. ಅಲ್ಲಿಯವರೆಗೆ ಆದವಾನಿ ಕಡೆಯ ಸಂತೆಗಳಲ್ಲಿದ್ದು, ಈ ಕಡೆಗೆ ಹೊಸದಾಗಿ ಬಂದವನು, ದೊಡ್ಡ ಮೀಸೆಯ ಆಳು. ಸಾವಿರದ ಮೇಲೆ ಎಷ್ಟು ಎಂಬುದು ಲೆಕ್ಕ. ಎರಡು ಬೆರಳು ದಾಟಬಾರದೆಂದು ಅಂಜಿನಪ್ಪ ಕಿವಿಯಲ್ಲಿ ಹೇಳಿದ. ಗಾದೆಪ್ಪ ಉಜ್ಜಿನಪ್ಪನ ಟವೆಲನ್ನೇ ಹೊದಿಸಿದ. ಎರ್ರಣ್ಣ ಕಾಲುವೆ ನೀರಿನ ಸುದ್ದಿ ತೆಗೆದ. ಹಾಗೆ ಮಾತಾಡುತ್ತಲೇ, ಟವೆಲಿನ ಕೆಳಗೆ, ಹೆಬ್ಬೆರಳ ಉಗುರಿನಿಂದ ಗಾದೆಪ್ಪನ ಅಂಗೈಯನ್ನು ಮೆಲ್ಲಗೆ ಕೆರೆದ.

ಗಾದೆಪ್ಪ ಆ ಕೈಯನ್ನು ಇಡಿಯಾಗಿ ಹಿಡಿದ. ಹಿಡಿದವನು ಬಿಡಲಿಲ್ಲ.

ಐದು. ಸಂತೆಯಲ್ಲಿ ಯಾವ ದಲಾಲಿಯೂ ಮೊದಲ ಮಾತಿಗೇ ಕೊಡದ ದರ. ಬೇರೆ ಯಾರಾದರೂ ಆಗಿದ್ದರೆ ಟವೆಲ್ ಕೊಡವಿ ಮುಗಿಯಿತು ಎನ್ನುತ್ತಿದ್ದರು. ಎರ್ರಣ್ಣನಿಗೂ ಆ ಆಸೆ ಬರಲಿಲ್ಲವೆಂದು ಪ್ರಮಾಣ ಮಾಡಲಾಗದು. ಒಂದು ಗಳಿಗೆ ಅವನು ಎತ್ತುಗಳ ಕಡೆ ನೋಡಿದ. ಆಮೇಲೆ ಗಾದೆಪ್ಪನ ಮುಖ ನೋಡಿದ. ಆ ಮುಖ ಎಂದಿನದಾಗಿರಲಿಲ್ಲ.

“ದರ ಹೇಳೋ ಕೈ ಹಿಂಗ ಬಿಗಿ ಇರಂಗಿಲ್ಲಣ್ಣ,” ಎಂದ ಎರ್ರಣ್ಣ, ಪಕ್ಕದವರಿಗೆ ಕೇಳದಂತೆ. “ಬಿಡ್ರಿ. ನಾ ಲೆಕ್ಕಕ್ಕ ಹಿಡಿಯಂಗಿಲ್ಲ.”

“ಈ ಕೆರೆಯೋದು ಯಾರು ಕಲಿಸಿದ್ರಪಾ ನಿನಗ?”

“ಆದವಾನ್ಯಾಗ ಉಜ್ಜಿನಪ್ಪ ಮಾವ. ಈಗಿಲ್ಲ ಆತ.”

ಆದವಾನಿಗೆ ಉಜ್ಜಿನಪ್ಪ ಒಬ್ಬನೇ ಹೋಗುತ್ತಿದ್ದ. ಅಂದರೆ ಆ ಉಗುರು ತನಗೊಬ್ಬನಿಗೇ ಮೀಸಲಿರಲಿಲ್ಲ. ಸತ್ತವನ ಮೇಲೆ ಗಾದೆಪ್ಪ ಹೊಟ್ಟೆಕಿಚ್ಚುಪಟ್ಟದ್ದು ಅದೇ ಮೊದಲು.

“ಕುರುಗೋಡಿನಾಗ ಗಾದೆಪ್ಪ ಅಂತ ಒಬ್ಬಾತ ಅದಾನ ಅಂತಿದ್ದ ಮಾವ,” ಎರ್ರಣ್ಣ ಎದುರಿಗಿರುವವನು ಯಾರೆಂದು ತಿಳಿಯದೆ ಮುಂದುವರಿಸಿದ. “ಮುಖ ಕಲ್ಲು, ಆದ್ರ ಕೆರೆದ್ರ ಒಳಗ ಇನ್ನೂ ನಗ್ತಾನ, ನನ್ನ ಕೈಗೆ ಗೊತ್ತಾಕ್ಕೈತಿ. ಅವಂಗ ಹೇಳಬ್ಯಾಡ, ಹೇಳಿದ್ರ ಅದನ್ನೂ ಬಿಟ್ಟಾನು ಅಂತಿದ್ದ.”

ಗಾದೆಪ್ಪ ನಕ್ಕುಬಿಟ್ಟ. ಸಂತೆಯ ಜನ ಅವನ ಹಲ್ಲು ನೋಡಿದ್ದು ಅಂದೇ, ಎರಡು ಇರಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಟವೆಲಿಗೆ ಕೈ ಹಾಕಲಿಲ್ಲ, ಅದು ಕೆಲಸದ ಮೇಲಿತ್ತು. ಅಂಜಿನಪ್ಪ ಗಾಬರಿಯಾಗಿ, ಏನಾತು ಮಾವ, ದರ ಎಷ್ಟಂತ, ಎಂದು ಹೆಗಲು ಅಲುಗಿಸಿದ.

“ತಡೀಪಾ,” ಎಂದ ಗಾದೆಪ್ಪ. “ಇನ್ನಾ ಬೆರಳು ಹಿಡಿದಿಲ್ಲ.”

ಮತ್ತೆ ಅಂಗೈ ಬಿಚ್ಚಿ ಕೊಟ್ಟು, ಕಾಯುತ್ತ ನಿಂತ.